ನಮ್ಮ ಹೊಲ ಮಾತ್ರ ಚೊಕ್ಕಟ

ಸೊಸೆ ಹಿತ್ತಲಿನಲ್ಲಿ ಚಾದರ ಹಿಂಡುತ್ತಿದ್ದಳು. ಇಬ್ಬರು ಮಲಗುವ ಮಂಚದ ದೊಡ್ಡ ಚಾದರ, ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಒಂದು ತುದಿಯನ್ನು ಬೇಲಿಯ ಕಂಬಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ತಿರುಚುತ್ತಾ ಬಂದಿದ್ದಳು. ಅಷ್ಟರಲ್ಲಿ ಮಗಳು ಗುಬ್ಬಿ ಹೊಲದ ಕಡೆಯಿಂದ ಓಡಿಬಂದು ಎದುರಿಗೆ ನಿಂತಳು.

"ಅಮ್ಮಾ, ಇದು ಮಚ್ಚೆ ಅಲ್ವಾ?"

ಮಗಳ ಕೈಯಲ್ಲಿ ಬೇರುಸಹಿತ ಕಿತ್ತ ಆಲೂಗಡ್ಡೆ ಗಿಡವಿತ್ತು. ಅದರ ಮಣ್ಣು ಒಗೆದ ಬಟ್ಟೆಯ ಬುಟ್ಟಿಯೊಳಗೆ ಉದುರುತ್ತಿತ್ತು.

"ಅಯ್ಯೋ, ಮಣ್ಣು ಕಣೇ! ಈಗಷ್ಟೇ ಒಗೆದಿದ್ದು."

"ಮೊದ್ಲು ನೋಡಮ್ಮಾ."

ನೋಡಿದಳು. ಹಸಿರು ಎಲೆಯ ಮೇಲೆ ಅಲ್ಲಲ್ಲಿ ತಿಳಿಹಳದಿ, ಯಾರೋ ಬೆರಳಲ್ಲಿ ಒತ್ತಿ ಬಣ್ಣ ತೆಗೆದ ಹಾಗೆ. ಆ ಊರಿನ ಮಕ್ಕಳಿಗೆ ಮಗ್ಗಿ ಬರುವುದಕ್ಕಿಂತ ಮುಂಚೆ ಮಚ್ಚೆ ರೋಗದ ಗುರುತು ಬರುತ್ತದೆ.

"ಮಚ್ಚೇನೇ. ತಾತ ಕಿತ್ತಿದ್ದನ್ನ ಚೀಲಕ್ಕೆ ಹಾಕ್ಬೇಕು ತಾನೇ? ಇಲ್ಲಿಗ್ಯಾಕೆ ಹೊತ್ಕೊಂಡು ಬಂದೆ?"

"ತಾತ ಕಿತ್ತಿದ್ದಲ್ಲ, ನಾನು ಕಿತ್ತಿದ್ದು. ತಾತ ಇದನ್ನ ದಾಟ್ಕೊಂಡು ಹೋದ್ರು."

"ಎಲ್ಲೋ ಒಂದು ತಪ್ಪಿರುತ್ತೆ."

"ಒಂದಲ್ಲಮ್ಮಾ. ಆ ಸಾಲಲ್ಲೇ ಸುಮಾರು ಬಿಟ್ರು. ಎಲೆ ಮುದುರ್ಕೊಂಡಿರೋ ಗಿಡ ಎಲ್ಲಾ ಕೀಳ್ತಾರೆ. ಮಚ್ಚೆ ಬಂದಿರೋದು ಎಲ್ಲಾ ಬಿಡ್ತಾರೆ. ಅಮ್ಮಾ, ತಾತಂಗೆ..."

ಸೊಸೆಯ ಕೈ ಸಡಿಲವಾಯಿತು. ತಿರುಚಿದ ಚಾದರ ಗಿರ್ರನೆ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

"ಸುಮ್ನಿರು ಪುಟ್ಟಾ," ಎಂದಳು. "ಈ ಮಾತು ಯಾರ ಹತ್ರಾನೂ ಆಡ್ಬೇಡ. ಹೋಗು, ತಾತ ಒಬ್ರೇ ಇದ್ದಾರೆ."

ಆಮೇಲೆ ಆ ಚಾದರವನ್ನು ಇನ್ನೊಮ್ಮೆ ಒಗೆಯಬೇಕಾಯಿತು.

ಆ ಊರು ಎತ್ತರದಲ್ಲಿದೆ. ಕೆಳಗಿನ ಬಯಲಿನಿಂದ ಬಸ್ಸಿನಲ್ಲಿ ಬರುವವರಿಗೆ ಅರ್ಧ ದಾರಿಯಲ್ಲೇ ಕಿವಿ ಗುಂಯ್‌ಗುಡುತ್ತದೆ. ಇಳಿದ ಮೇಲೆ ಮೊದಲು ಟೋಪಿ ಹಾರುತ್ತದೆ. ಹಿಂದೆ ಅಲ್ಲಿ ಊರೇ ಇರಲಿಲ್ಲ. ಬೆಟ್ಟ ಕಡಿದು ರಸ್ತೆ ಮಾಡಲು ಬಂದವರು ಗುಡಿಸಲು ಹಾಕಿಕೊಂಡಿದ್ದರು. ಅವರ ಅಡುಗೆಯವನು ಮೊಳಕೆ ಬಂದ ಆಲೂಗಡ್ಡೆಯನ್ನು ಎಸೆಯಲು ಮನಸ್ಸು ಬಾರದೆ ಗುಡಿಸಲ ಹಿಂದೆ ಹೂತ. ರಸ್ತೆ ಮುಗಿಯಿತು, ಕೂಲಿಯವರು ಹೋದರು, ಆಲೂಗಡ್ಡೆ ಉಳಿಯಿತು. ಅದನ್ನು ಕೆಳಗೆ ಒಯ್ದು ಬಿತ್ತಿದ ಬಯಲಿನವನೊಬ್ಬನಿಗೆ ದುಪ್ಪಟ್ಟು ಬೆಳೆ ಬಂದು, ಮರುವರ್ಷ ಅವನು ಭಾವಮೈದುನನನ್ನೂ ಕರೆದುಕೊಂಡು ಬಂದ. ಕಾರಣ ಆಮೇಲೆ ತಿಳಿಯಿತು. ರೋಗ ಹರಡುವುದು ಎಲೆಯ ರಸ ಹೀರುವ ಒಂದು ಜಾತಿಯ ಹೇನು. ಈ ಚಳಿಗೆ, ಈ ಗಾಳಿಗೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಹೀಗಾಗಿ ಮೇಲಿನ ಗಡ್ಡೆ ಬಿತ್ತನೆಗೆ ಒಳ್ಳೆಯದು. ಅಂದಿನಿಂದ ಊರು ಬೆಳೆಯುವುದು ಬಿತ್ತನೆ ಗಡ್ಡೆ ಮಾತ್ರ. ಶಾಲೆ, ಬ್ಯಾಂಕು, ಕ್ಷೌರದಂಗಡಿಯ ದೊಡ್ಡ ಕನ್ನಡಿ, ಎಲ್ಲ ಬಂದಿದ್ದು ಅದರಿಂದಲೇ.

ಊರಿನ ಮುಖ್ಯ ಹೊಲಗಳೆಲ್ಲ ಒಂದೇ ಇಳಿಜಾರಿನಲ್ಲಿವೆ. ನಡುವೆ ಬೇಲಿಯಿಲ್ಲ. ಹೇನಿಗೆ ಇದು ನನ್ನದು, ಅದು ನಿನ್ನದು ಅನ್ನುವ ಭೇದವಿಲ್ಲವಲ್ಲ! ಆದ್ದರಿಂದ ಬಿತ್ತನೆ ಗಡ್ಡೆಗೆ ಒಪ್ಪಿಗೆ ಕೊಡಲು ವರ್ಷವರ್ಷ ಬರುವ ತಪಾಸಣೆಯವರು ಇಡೀ ಇಳಿಜಾರಿಗೆ ಒಂದೇ ತೀರ್ಪು ಕೊಡುತ್ತಾರೆ. ಗೆದ್ದರೆ ಎಲ್ಲರ ಗಡ್ಡೆಯೂ ಬಿತ್ತನೆಗೆ. ಸೋತರೆ ಎಲ್ಲರದ್ದೂ ಅಡುಗೆಗೆ. ಅದಕ್ಕೆ ಸಿಗುವ ಬೆಲೆ ಲಾರಿ ಬಾಡಿಗೆಗೂ ಸಾಲದು.

ಅದಕ್ಕೇ ಊರಿನವರು ಒಂದು ಪದ್ಧತಿ ಮಾಡಿಕೊಂಡಿದ್ದರು. ತನ್ನ ಗಿಡ ಕೀಳಲು ಯಾರಿಗೂ ಕೈ ಬರುವುದಿಲ್ಲ. ಇದು ಬಿಸಿಲಿಗೆ ಬಾಡಿದ್ದು, ಇದು ನೀರು ಹೆಚ್ಚಾಗಿದ್ದು ಎಂದು ನೆಪ ಹೇಳುತ್ತಾರೆ. ಹಾಗಾಗಿ ಎಲ್ಲರ ಹೊಲವನ್ನೂ ಒಬ್ಬರೇ ನಡೆದು ರೋಗದ ಗಿಡ ಕೀಳಬೇಕು. ಅವರು ನಡೆಯುವ ದಿನಗಳಲ್ಲಿ ಬೇರೆ ಯಾರೂ ಹೊಲಕ್ಕೆ ಇಳಿಯಬಾರದು. ಮುಟ್ಟಿದ ಕೈಯಿಂದ, ತಾಗಿದ ಬಟ್ಟೆಯಿಂದ ಮಚ್ಚೆ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಗುಬ್ಬಿಯ ತಾತ ಆ ನಡಿಗೆಯನ್ನು ಹೆಗಲಿಗೆ ಹಾಕಿಕೊಂಡಿದ್ದು ಅವಳ ಅಪ್ಪ ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ. ಊರಲ್ಲಿ ಅವರನ್ನು ಕರೆಯುವುದೇ ದುರ್ಬೀನು ಎಂದು. "ದುರ್ಬೀನು ನೋಡಿಯಾಯ್ತಾ? ಹಾಗಾದ್ರೆ ಮಲಗು," ಎನ್ನುವುದು ಅಲ್ಲಿನ ಗಾದೆಯೇ ಆಗಿಬಿಟ್ಟಿತ್ತು. ಈ ವರ್ಷ ಮೊದಲ ಬಾರಿಗೆ ತಾತ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡಿದ್ದರು, ಚೀಲ ಹಿಡಿಯಲು.

ಮಧ್ಯಾಹ್ನ ತಾತ ಕೈಕಾಲು ತೊಳೆದು ಊಟಕ್ಕೆ ಕೂತರು. ಸೊಸೆ ರೊಟ್ಟಿ, ಸೊಪ್ಪಿನ ಪಲ್ಯ ಬಡಿಸಿದಳು. ಬಡಿಸುತ್ತಾ, ಯಾವತ್ತೂ ನೋಡದಿದ್ದನ್ನು ಅವತ್ತು ನೋಡಿದಳು. ಅಜ್ಜಿ ಗಂಡನ ನೀರಿನ ಲೋಟವನ್ನು ತಟ್ಟೆಯ ಬಲಕ್ಕೆ ಒಂದೇ ಜಾಗದಲ್ಲಿ ಇಟ್ಟರು. ಬಿಳಿ ಬಟ್ಟಲಿನಲ್ಲಿರುತ್ತಿದ್ದ ಉಪ್ಪು ಕಪ್ಪು ಮಣ್ಣಿನ ಬಟ್ಟಲಿಗೆ ಬಂದಿತ್ತು. ಬಾಗಿಲ ಬಳಿ ಇರುತ್ತಿದ್ದ ಮೊಣಕಾಲೆತ್ತರದ ಸ್ಟೂಲು ಕಾಣೆಯಾಗಿತ್ತು.

"ಪಲ್ಯಕ್ಕೆ ಏನು ಹಾಕಿದ್ಯಮ್ಮಾ? ಚೆನ್ನಾಗಿದೆ," ಎಂದರು ತಾತ.

"ಎಂದಿನ ಹಾಗೇ ಮಾವ."

"ತಾತ," ಎಂದಳು ಗುಬ್ಬಿ, "ಬಾಗ್ಲಲ್ಲಿ ಯಾರು ನಿಂತಿರೋದು ಹೇಳಿ?"

ಬಾಗಿಲಲ್ಲಿ ಯಾರೂ ಇರಲಿಲ್ಲ. ತಾತ ತಲೆ ಎತ್ತಿದರು. ಅಜ್ಜಿ ತಟಕ್ಕನೆ, "ಊಟದ ಹೊತ್ತಲ್ಲಿ ಒಗಟಂತೆ ಒಗಟು! ಬಾಯಲ್ಲಿ ತುತ್ತಿಟ್ಕೋ," ಎಂದು ರೊಟ್ಟಿಯ ಚೂರನ್ನು ಮೊಮ್ಮಗಳ ಬಾಯಿಗೆ ತುರುಕಿದರು.

ತಾತ ಅಡ್ಡಾದ ಮೇಲೆ ಸೊಸೆ ಪಾತ್ರೆ ಉಜ್ಜುತ್ತಾ ಕೇಳಿದಳು.

"ಅತ್ತೆ, ನಿಮಗೆ ಗೊತ್ತಿತ್ತಾ?"

"ಏನು ಗೊತ್ತಿತ್ತಾ?"

"ಮಾವನ ಕಣ್ಣು."

ಅಜ್ಜಿ ಒರೆಸುತ್ತಿದ್ದ ಪಾತ್ರೆಯನ್ನು ಕೆಳಗಿಡಲಿಲ್ಲ. "ಪೊರೆ ಬಂದಿರ್ಬೇಕು. ಬೆಳಕು ಕಾಣುತ್ತೆ, ಆಕಾರ ಕಾಣುತ್ತೆ. ಬಣ್ಣ ಸರಿಯಾಗಿ ತಿಳಿಯಲ್ಲ."

"ಆಸ್ಪತ್ರೆಗೆ ತೋರಿಸ್ಬಹುದಿತ್ತಲ್ಲ."

"ಅವರು ಬಾಯಿ ಬಿಟ್ಟು ಹೇಳಿದ್ರೆ ತಾನೇ ನಾನು ತೋರಿಸೋದು? ನನ್ನ ಹತ್ರಾನೂ ಹೇಳಿಲ್ಲ. ನಾನೂ ಕೇಳಿಲ್ಲ."

"ಹಾಗಂತ ಸುಮ್ನಿದ್ರೆ..."

"ನೋಡು ತಾಯಿ," ಅಜ್ಜಿಯ ದನಿ ಇಳಿಯಿತು. "ಆ ಮನುಷ್ಯ ಕೈಕಾಲಿಂದ ಬದುಕಿದೋರಲ್ಲ, ಕಣ್ಣಿಂದ ಬದುಕಿದೋರು. ಕಣ್ಣಿಲ್ಲ ಅಂತ ಊರು ಅಂದ ದಿನ ಹಾಸಿಗೆ ಹಿಡೀತಾರೆ. ಇದೊಂದು ವರ್ಷ ಮರ್ಯಾದೆಯಿಂದ ಮುಗೀಲಿ. ಮುಂದಿನ ವರ್ಷ ಮಂಡಿ ನೋವು ಅಂತ ಹೇಳ್ಸಿ ಬಿಡಿಸೋಣ."

"ಮಂಡಿ ನೋವು ಇದ್ಯಾ ಅವರಿಗೆ?"

"ಇಲ್ಲ. ಬರ್ಸೋಣ."

ಸೊಸೆಗೆ ನಗು ಬಂತು. ನಕ್ಕ ಮೇಲೆ ಎದುರು ಮಾತಾಡುವುದು ಕಷ್ಟವಾಯಿತು.

ತಾತನ ಮಗ, ಗುಬ್ಬಿಯ ಅಪ್ಪ, ಲಾರಿ ಓಡಿಸುತ್ತಿದ್ದ. ಗಡ್ಡೆಯ ಕಾಲದಲ್ಲಿ ಗಡ್ಡೆ, ಉಳಿದ ಕಾಲದಲ್ಲಿ ಸಿಮೆಂಟು, ಸೌದೆ, ಸಿಕ್ಕಿದ್ದು. ಬಾಡಿಗೆ ಮುಗಿಸಿ ಬಂದವನಿಗೆ ಹೆಂಡತಿ ವಿಷಯ ಹೇಳಿದಾಗ ಅವನು ಚಪ್ಪಲಿ ಕೂಡ ಬಿಚ್ಚದೆ ಜಗಲಿಯ ಮೇಲೆ ಕೂತ.

"ಅಪ್ಪಂಗೆ ಹೇಳೋರ್ಯಾರು?" ಎಂದ.

"ನೀವು ಮಗ ಅಲ್ವೇನ್ರೀ?"

"ಮಗ ಆಗಿರೋದಕ್ಕೇ ಆಗಲ್ಲ ಅಂತಿರೋದು."

ಕೊನೆಗೆ ಗಂಡ ಹೆಂಡತಿ ಒಂದು ದಾರಿ ಕಂಡುಕೊಂಡರು. ತಾತ ನಡೆದು ಮುಗಿಸಿದ ತಮ್ಮ ಹೊಲವನ್ನು ಬೆಳಗಿನ ಜಾವ, ಊರು ಏಳುವ ಮುಂಚೆ, ತಾವಿಬ್ಬರೂ ಇನ್ನೊಮ್ಮೆ ನಡೆಯುವುದು. ಪದ್ಧತಿಗೆ ವಿರುದ್ಧವೇ. ಆದರೆ ಕೈ ಸೋಪಿನಲ್ಲಿ ತೊಳೆದು, ಒಗೆದ ಬಟ್ಟೆ ಹಾಕಿಕೊಂಡು ಇಳಿದರೆ ಏನಾಗುತ್ತದೆ? ಹಾಗೇ ಮಾಡಿದರು. ಮಂಜಿನಲ್ಲಿ ಸೆರಗಿನ ಮರೆಗೆ ಟಾರ್ಚು ಹಿಡಿದು, ಬಗ್ಗಿ ಬಗ್ಗಿ ನೋಡಿ, ಮಚ್ಚೆಯ ಗಿಡ ಕಿತ್ತು, ಗುಂಡಿಗೆ ಮಣ್ಣು ಎಳೆದರು. ಸೊಸೆ ಆ ಮಣ್ಣನ್ನು ಹಿಟ್ಟು ತಟ್ಟಿದ ಹಾಗೆ ಅಂಗೈಯಿಂದ ತಟ್ಟುತ್ತಿದ್ದಳು. ಕಿತ್ತ ಗಿಡ ಒಲೆಗೆ ಹೋಯಿತು.

ಮೂರನೆಯ ಬೆಳಗ್ಗೆ ಇಬ್ಬರೂ ಹಿತ್ತಲ ಬಾಗಿಲಿಂದ ಒಳಗೆ ಬರುವಾಗ ತಕ್ಕಡಿ ಎದುರಿಗೆ ನಿಂತಿದ್ದಳು. ತಕ್ಕಡಿ ಅಂದರೆ ಮಗನ ತಂಗಿ. ಬೆಳೆಗಾರರ ಸಂಘದ ಗೋದಾಮಿನಲ್ಲಿ ಗಡ್ಡೆ ತೂಗುವ ಕೆಲಸ ಅವಳದ್ದು. ಮನೆಯಲ್ಲೂ ಎಲ್ಲರ ಮಾತನ್ನು ತೂಗುತ್ತಾಳೆಂದು ಅಣ್ಣನೇ ಇಟ್ಟ ಹೆಸರು.

"ಏನಣ್ಣ, ಮದುವೆಯಾದ ಹೊಸದ್ರಲ್ಲೂ ಅತ್ತಿಗೇನ ಇಷ್ಟು ಹೊತ್ತಿಗೆ ವಾಕಿಂಗ್ ಕರ್ಕೊಂಡು ಹೋದವನಲ್ಲ ನೀನು."

"ಮೆತ್ತಗೆ ಮಾತಾಡೇ, ಅಪ್ಪ ಏಳ್ತಾರೆ."

ವಿಷಯ ಕೇಳಿದ ಮೇಲೆ ಅವಳ ತಮಾಷೆ ನಿಂತಿತು.

"ನಮ್ಮ ಹೊಲ ಒಂದೇ ನಡೆದ್ರಾ? ಪಕ್ಕದ್ಮನೆ ಗರಗಸದವರದ್ದು? ಟೈಲರಕ್ಕಂದು? ಮಿಕ್ಕ ಇಳಿಜಾರು?"

"ಅಷ್ಟನ್ನೂ ನಾವಿಬ್ರು ಹೇಗೆ ನಡೆಯೋದು? ಪರರ ಹೊಲಕ್ಕೆ ಕತ್ತಲಲ್ಲಿ ಇಳಿದ್ರೆ ಕಳ್ಳರು ಅಂತ ಹಿಡ್ಕೊಂಡು ಬಾರಿಸ್ತಾರೆ."

"ಹಾಗಾದ್ರೆ ಅವರಿಗೆ ಹೇಳು, ಅವರವರ ಹೊಲ ಅವರೇ ನೋಡ್ಕೊಳ್ಳಲಿ."

"ಏನಂತ ಹೇಳ್ಲಿ? ಅಪ್ಪ ಕುರುಡಾದ್ರು ಅಂತಲಾ?"

"ಪೊರೆ ಬಂದಿದೆ ಅಂತ ಹೇಳು! ತೆಗ್ಸಿದ್ರೆ ಹೋಗೋ ಪೊರೆಯಣ್ಣ ಅದು. ನೀನು ಅದನ್ನ ಕೊಲೆ ಮುಚ್ಚಿಟ್ಟ ಹಾಗೆ ಮುಚ್ತಿದ್ದೀಯ."

"ನಿಂಗೆ ಅಷ್ಟು ಧೈರ್ಯ ಇದ್ರೆ ನೀನೇ ಹೇಳು ಹೋಗು."

ತಕ್ಕಡಿ ಬಾಯಿ ತೆರೆದಳು. ಒಳಕೋಣೆಯಲ್ಲಿ ಅಪ್ಪ ಕೆಮ್ಮಿದ್ದು ಕೇಳಿಸಿತು. ಅವಳ ಬಾಯಿ ಮುಚ್ಚಿಕೊಂಡಿತು.

"ನೋಡಿದ್ಯಾ?" ಎಂದ ಅಣ್ಣ.

ಗುಬ್ಬಿ ರಗ್ಗಿನೊಳಗಿಂದ ಇದೆಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವತ್ತು ತಲೆ ಬಾಚಿಸಿಕೊಳ್ಳುವಾಗ, "ಅಮ್ಮಾ, ನಾನು ತಾತನ್ನ ಕೇಳ್ಲಾ? ನಂಗೆ ಭಯ ಇಲ್ಲ," ಎಂದಳು.

"ಬೇಡ ಪುಟ್ಟಾ. ತಾತಂಗೆ ನೋವಾಗುತ್ತೆ."

"ಕೇಳಿದ್ರೆ ಹೇಗೆ ನೋವಾಗುತ್ತೆ? ಜ್ವರ ಬಂದ್ರೆ ಜ್ವರ ಬಂದಿದ್ಯಾ ಅಂತ ಕೇಳಲ್ವಾ?"

ಅಮ್ಮ ಜಡೆಯನ್ನು ಎಂದಿಗಿಂತ ಬಿಗಿಯಾಗಿ ಹೆಣೆದಳು.

ಮುಂದಿನ ವಾರವೆಲ್ಲ ಗುಬ್ಬಿ ಶಾಲೆ ಬಿಟ್ಟ ಮೇಲೆ ತಾತನ ಹಿಂದೆ ಚೀಲ ಹಿಡಿದು ನಡೆದಳು. ಮೊದಮೊದಲು, "ತಾತ, ಇಲ್ಲೊಂದು," ಎಂದು ತೋರಿಸುತ್ತಿದ್ದಳು. ತಾತ ಬಗ್ಗಿ, ಎಲೆಯನ್ನು ಬೆರಳುಗಳ ನಡುವೆ ತಿಕ್ಕಿ, ಕಿವಿಯ ಹತ್ತಿರ ಅಲುಗಿಸಿ ನೋಡುತ್ತಿದ್ದರು. ಮುದುರು ರೋಗದ ಎಲೆ ಕಾಗದದ ಹಾಗೆ ಗರಗರ ಅನ್ನುತ್ತದೆ. ಅದು ಅವರಿಗೆ ಒಂದೂ ತಪ್ಪುತ್ತಿರಲಿಲ್ಲ. ಮಚ್ಚೆಯ ಎಲೆ ಮೆತ್ತಗೇ ಇರುತ್ತದೆ. "ಇದು ಸರಿಯಾಗಿದೆ ಕಣೇ," ಎಂದು ಮುಂದೆ ಹೋಗುತ್ತಿದ್ದರು. ಅವಳು ಹಿಂದಿನಿಂದ ಒಂದೆರಡು ಕಿತ್ತು ಚೀಲಕ್ಕೆ ಹಾಕಿಕೊಂಡಳು. ಒಮ್ಮೆ ಬೇರು ಕಿತ್ತ ಸದ್ದಿಗೆ ತಾತ ತಿರುಗಿ ನಿಂತರು.

"ಏನದು?"

"ಏನಿಲ್ಲ ತಾತ. ಕಾಲಿಗೆ ಸಿಕ್ಕಿತು."

"ನೋಡ್ಕೊಂಡು ನಡಿ ಮಗಳೇ. ಇದು ಟೈಲರಕ್ಕನ ಹೊಲ. ಗಂಡ ಇಲ್ಲದ ಹೆಂಗಸು, ಒಂದೊಂದು ಗಿಡಾನೂ ಅವಳಿಗೆ ಲೆಕ್ಕ."

ಅದಾದ ಮೇಲೆ ಅವಳು ಕೀಳುವುದನ್ನು ಬಿಟ್ಟಳು.

ತಪಾಸಣೆಯ ದಿನ ಅಧಿಕಾರಿ ಕೆಳಗಿನಿಂದ ಜೀಪಿನಲ್ಲಿ ಬಂದರು. ಹರೆಯದವರು, ಮಾತು ಕಡಿಮೆ. ಮೇಲಿನ ತುದಿಯಿಂದ ಹೊಲದಿಂದ ಹೊಲಕ್ಕೆ ಇಳಿಯುತ್ತಾ ಬಂದರು. ಗರಗಸದವನು, ಅಂದರೆ ಮರದ ಕಾರ್ಖಾನೆ ನಡೆಸುವ ನೆರೆಮನೆಯವನು, ಅವರ ಹಿಂದೆಯೇ ಬೆಚ್ಚಗಿನ ಚಹಾದ ಫ್ಲಾಸ್ಕು ಹಿಡಿದು ನಡೆಯುತ್ತಿದ್ದ. ಮೊದಲ ಹೊಲದಲ್ಲಿ ಅಧಿಕಾರಿ ಚಹಾ ಕುಡಿದರು. ಎರಡನೆಯದರಲ್ಲಿ ಬೇಡವೆಂದರು. ಮೂರನೆಯದರಲ್ಲಿ ಫ್ಲಾಸ್ಕನ್ನು ಗರಗಸದವನೇ ಕೆಳಗಿಟ್ಟ.

ಸಂಜೆಗೆ ಸಂಘದ ಗೋದಾಮಿನ ಮುಂದೆ ಎಲ್ಲರೂ ಸೇರಿದ್ದರು. ಅಧಿಕಾರಿ ಚುಟುಕಾಗಿ ಹೇಳಿದರು:

"ಇಳಿಜಾರು ಪಾಸಾಗಿಲ್ಲ. ಮಚ್ಚೆ ತುಂಬಾ ಇದೆ. ಹತ್ತು ದಿನ ಬಿಟ್ಟು ಇನ್ನೊಂದ್ಸಲ ಬರ್ತೀನಿ. ಅಷ್ಟರಲ್ಲಿ ಸರಿಯಾಗಿ ಕಿತ್ರೆ ಉಳ್ಕೊಳ್ಳುತ್ತೆ. ಅದೂ ಆಗ್ಲಿಲ್ಲ ಅಂದ್ರೆ ಈ ವರ್ಷ ತಿನ್ನೋ ಗಡ್ಡೆ ಅಂತ ಮಾರ್ಕೊಳ್ಳಿ."

"ಎಲ್ಲಾ ಹೊಲಾನೂ ಹಾಗೇನಾ ಸ್ವಾಮಿ?" ಎಂದು ಯಾರೋ ಕೇಳಿದರು.

"ಒಂದು ಹೊಲ ಮಾತ್ರ ಕನ್ನಡಿ ಹಾಗಿದೆ. ಆ ಕಲ್ಲುಬಂಡೆ ಪಕ್ಕದ್ದು. ಯಾರು ನೋಡ್ಕೊಂಡಿದ್ದೋ, ಉಳಿದ ಹೊಲಾನೂ ಅವರ ಕೈಲೇ ಮಾಡ್ಸಿ."

ಕಲ್ಲುಬಂಡೆಯ ಪಕ್ಕದ್ದು ತಾತನ ಹೊಲ. ತಾತ ಅಲ್ಲೇ ಇದ್ದರು. ಜನ ಒಬ್ಬೊಬ್ಬರಾಗಿ ಅವರ ಕಡೆ ತಿರುಗಿದ್ದು ಅವರಿಗೆ ಕಂಡಿತೋ ಇಲ್ಲವೋ. ಮಾತು ನಿಂತಿದ್ದಂತೂ ಕೇಳಿಸಿತು.

ಮರುದಿನ ಸೊಸೆ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಮಾತು ಬಂತು.

"ದುರ್ಬೀನಿನ ಒಂದು ಕಡೆ ಗಾಜು ತಮ್ಮ ಹೊಲಕ್ಕೆ ಇಟ್ಟಿದ್ರಂತೆ."

"ಮತ್ತೆ ನಮ್ಮ ಕಡೆಗೆ?"

"ನಮ್ಮ ಕಡೆಗೆ ಮುಚ್ಚಳ!"

ಎಲ್ಲರೂ ನಕ್ಕರು. ಸೊಸೆ ಸೋಪು ಮರೆತು ಬರೀ ಎಣ್ಣೆ ತೆಗೆದುಕೊಂಡು ಮನೆಗೆ ಬಂದಳು. ಕ್ಷೌರದಂಗಡಿಗೆ ಹೋಗಿದ್ದ ತಾತ ಅರ್ಧ ಗಡ್ಡದಲ್ಲೇ ಎದ್ದು ಬಂದಿದ್ದರು. ಏನಾಯಿತೆಂದು ಕೇಳಿದರೆ, "ಅವನ ಕತ್ತಿ ಮೊಂಡಾಗಿದೆ," ಎಂದರು.

ಊಟಕ್ಕೆ ಕೂತಾಗ ಅವರೇ ಮಾತು ತೆಗೆದರು.

"ನಾನು ಎಲ್ಲಾ ಹೊಲಾನೂ ಒಂದೇ ತರ ನಡೆದಿದ್ದೀನಿ. ನಮ್ಮದು ಹೇಗೆ ಚೊಕ್ಕಟವಾಯ್ತು?"

ತಕ್ಕಡಿ ಅಣ್ಣನನ್ನು ನೋಡಿದಳು. ಅಣ್ಣ ಹೆಂಡತಿಯನ್ನು ನೋಡಿದ.

"ಬಂಡೆ ಇದೆಯಲ್ಲ ಅಪ್ಪಾ," ಎಂದ ಮಗ. "ಗಾಳಿ ಅಲ್ಲಿ ತಿರುಗುತ್ತೆ. ಹೇನು ನಿಲ್ಲಲ್ಲ."

"ಬಂಡೆ ಈ ವರ್ಷ ಬಂತಾ?"

ಅಜ್ಜಿ, "ಇನ್ನೊಂದು ರೊಟ್ಟಿ ಹಾಕ್ಕೊಳ್ಳಿ," ಎಂದರು.

"ಬೇಡ." ತಾತ ತಟ್ಟೆಯಲ್ಲೇ ಕೈ ತೊಳೆದರು. "ತಾತ..." ಎಂದು ಗುಬ್ಬಿ ಶುರುಮಾಡಿದಳು. ಅಮ್ಮ ಮೇಜಿನ ಕೆಳಗೆ ಅವಳ ಮೊಣಕಾಲನ್ನು ಒತ್ತಿದಳು. "ತಾತ, ನಾನು ಪಾಠ ಓದಿ ತೋರಿಸ್ಲಾ?" ಎಂದು ಮಗು ಮಾತು ತಿರುಗಿಸಿತು. ಅಷ್ಟರ ಮಟ್ಟಿಗೆ ಅವಳೂ ಮನೆಯವರಿಂದ ಕಲಿತಿದ್ದಳು.

ಬಿಸಿಲು ಇಳಿದ ಮೇಲೆ ತಾತ ಒಬ್ಬರೇ ತಮ್ಮ ಹೊಲಕ್ಕೆ ಹೋದರು. ಗುಬ್ಬಿ ದೂರದಿಂದ ಹಿಂಬಾಲಿಸಿದಳು. ಅವರು ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು, ಗಿಡ ಇಲ್ಲದ ಜಾಗಗಳನ್ನು ಕೈಯಿಂದ ಸವರುತ್ತಿದ್ದರು. ಅವರು ಗಿಡ ಕಿತ್ತ ಗುಂಡಿಯನ್ನು ಯಾವಾಗಲೂ ಹಿಮ್ಮಡಿಯಿಂದ ತುಳಿದು ಮುಚ್ಚುತ್ತಾರೆ; ಅಲ್ಲಿ ಗಟ್ಟಿ ಹಳ್ಳ ಬೀಳುತ್ತದೆ. ಈಗ ಕೈಗೆ ಸಿಗುತ್ತಿದ್ದುದು ರೊಟ್ಟಿ ತಟ್ಟಿದ ಹಾಗೆ ನಯವಾಗಿ ತಟ್ಟಿದ ಮಣ್ಣು. ಒಂದು ಸಿಕ್ಕಿತು. ಪಕ್ಕದಲ್ಲಿ ಇನ್ನೊಂದು. ಆಚೆ ಸಾಲಿನಲ್ಲಿ ಮತ್ತೊಂದು. ತಾತ ಅಲ್ಲೇ ತುಂಬಾ ಹೊತ್ತು ಕೂತಿದ್ದರು. ಎದ್ದಾಗ, "ಬಾ, ಚಳಿಯಾಗುತ್ತೆ," ಎಂದು ಅವಳಿದ್ದ ದಿಕ್ಕಿಗೆ ಸರಿಯಾಗಿ ಕೈ ಚಾಚಿದರು.

ಎರಡು ದಿನ ಮನೆಯಲ್ಲಿ ಬರೀ ಪಾತ್ರೆಯ ಸದ್ದು. ಅಡುಗೆಮನೆಯಲ್ಲಿ ತಕ್ಕಡಿ ಅತ್ತಿಗೆಯ ಮೇಲೆ ಹರಿಹಾಯ್ದಳು.

"ಗೋದಾಮಲ್ಲಿ ನಂಗೆ ತೂಕದ ಕಲ್ಲು ಮುಟ್ಟೋಕೆ ಬಿಡ್ತಿಲ್ಲ. ದುರ್ಬೀನಿನ ಮಗಳು, ತೂಕದಲ್ಲೂ ಕೈಚಳಕ ತೋರಿಸ್ತಾಳೆ ಅಂತಾರೆ. ಅಪ್ಪನ್ನ ಕಳ್ಳ ಅಂತಿದ್ದಾರೆ ಅತ್ತಿಗೆ! ಹುಟ್ಟಿದಾಗಿಂದ ಪರರ ಒಂದು ಗಡ್ಡೆ ಮುಟ್ಟದ ಮನುಷ್ಯನ್ನ!"

"ನಂಗೆ ಕೇಳಿಸ್ತಿಲ್ವೇನೇ?"

"ಕೇಳಿಸ್ತಿದ್ರೆ ಹೇಳಿ. ಅಮ್ಮ ಹೇಳಲ್ಲ, ಅಣ್ಣಂಗೆ ಎದೆ ಇಲ್ಲ."

"ನಿನ್ನ ನಾಲಿಗೆ ಎಲ್ಲಿ ಹೋಯ್ತು?"

ತಕ್ಕಡಿ ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದಳು. ಕಣ್ಣಲ್ಲಿ ನೀರು ಬರಲು ಒಂದು ನೆಪವಾದರೂ ಇತ್ತು. ತಲೆ ಎತ್ತದೆ, "ಅಪ್ಪನ ಮುಖ ನೋಡಿದ್ರೆ ಬಾಯಿ ಬರಲ್ಲ," ಎಂದಳು.

ಭಾನುವಾರ ಸಂಜೆ ಗರಗಸದವನು ಮತ್ತು ಟೈಲರಕ್ಕ ಮನೆಗೆ ಬಂದರು. ಹತ್ತು ದಿನದಲ್ಲಿ ನಾಲ್ಕು ಆಗಲೇ ಕಳೆದಿದ್ದವು. ಸೊಸೆ ಚಹಾ ಕೊಟ್ಟಳು. ಟೈಲರಕ್ಕ ಲೋಟ ಹಿಡಿದುಕೊಂಡಳು. ಗರಗಸದವನು ಮುಟ್ಟಲಿಲ್ಲ. ತಾತ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಗುಬ್ಬಿ ನೆಲದ ಮೇಲೆ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದಳು.

"ಯಜಮಾನ್ರೇ, ಸುತ್ತಿಬಳಸಿ ಮಾತಾಡೋದು ನಂಗೆ ಬರಲ್ಲ," ಎಂದ ಗರಗಸದವನು.

"ನಿನ್ನ ಗರಗಸಕ್ಕೂ ಬರಲ್ಲ ಬಿಡು. ಹೇಳಪ್ಪಾ."

"ನಿಮ್ಮ ಹೊಲದಲ್ಲಿ ಒಂದು ಮಚ್ಚೆ ಗಿಡ ಇಲ್ಲ. ನನ್ನ ಹೊಲದಲ್ಲಿ ಸಾಲಿಗೆ ಐದಾರು. ಎರಡನ್ನೂ ನಡೆದೋರು ನೀವೊಬ್ರೇ. ಇದಕ್ಕೆ ಏನು ಅರ್ಥ?"

"ಅದ್ರಿಂದ ನಿಮಗೇನು ಲಾಭ, ಅದೂ ತಿಳೀತಿಲ್ಲ," ಎಂದಳು ಟೈಲರಕ್ಕ. ಅವಳ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. "ಇಳಿಜಾರು ಸೋತ್ರೆ ನಿಮ್ಮದೂ ಸೋತ ಹಾಗೇ ಅಲ್ವಾ ದೊಡ್ಡಪ್ಪಾ?"

"ಲಾಭ ಇದೆ ಅಕ್ಕ," ಎಂದ ಗರಗಸದವನು. "ಇಳಿಜಾರು ಒಡೆದು ಒಂದೊಂದು ಹೊಲಕ್ಕೆ ಬೇರೆ ಬೇರೆ ತೀರ್ಪು ಕೊಡಿ ಅಂತ ನಾಳೆ ಇವರೇ ಅರ್ಜಿ ಹಾಕ್ತಾರೆ. ಆಗ ಇಡೀ ಊರಲ್ಲಿ ಬಿತ್ತನೆ ಗಡ್ಡೆ ಇವರೊಬ್ಬರ ಮನೇಲಿ."

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ!" ತಕ್ಕಡಿ ಅಡುಗೆಮನೆಯ ಬಾಗಿಲಿಂದ ಕೂಗಿದಳು.

"ನೀನು ಸುಮ್ನಿರಮ್ಮಾ. ನಾನು ನಿಮ್ಮಪ್ಪನ್ನ ಕೇಳ್ತಿದ್ದೀನಿ." ಅವನು ಕುರ್ಚಿಯನ್ನು ಮುಂದಕ್ಕೆ ಎಳೆದ. "ನಮ್ಮಪ್ಪ ಸಾಯೋವಾಗ ಏನಂದ ಗೊತ್ತಾ? ಹೊಲ ಮಾರಿದ್ರೂ ದುರ್ಬೀನನ್ನ ಬಿಡ್ಬೇಡ ಅಂದ. ಅದಕ್ಕೇ ನಿಮ್ಮ ಬಾಯಿಂದಲೇ ಕೇಳೋಣ ಅಂತ ಬಂದೆ. ನೀವು ನಿಮ್ಮ ಹೊಲಾನ ಒಂದು ತರ, ನಮ್ಮ ಹೊಲಾನ ಒಂದು ತರ ನೋಡಿದ್ರಾ? ಹೌದು, ಇಲ್ಲ. ಒಂದು ಹೇಳಿ ಸಾಕು."

ಮಗ ಗೋಡೆಗೆ ಒರಗಿ ನಿಂತಿದ್ದ. ಅವನ ತುಟಿ ಅಲುಗಿತು. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಸೊಸೆ ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು, ಗಂಡ ಮಾತಾಡುತ್ತಾನೆ ಎಂದು ಕಾದಳು. ಗಂಡ ಅವಳು ಮಾತಾಡುತ್ತಾಳೆ ಎಂದು ಕಾದ.

ತಾತ ಮಗನಿದ್ದ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಸೊಸೆಯಿದ್ದ ಕಡೆಗೆ.

"ಹೌದು," ಎಂದರು.

"ಏನು?"

"ಹೌದು ಅಂದೆ. ನಮ್ಮದನ್ನ ಹೆಚ್ಚು ನೋಡ್ಕೊಂಡೆ. ವಯಸ್ಸಾಯ್ತು, ಆಸೆ ಬಂತು. ನಾಳೆಯಿಂದ ಇನ್ನೊಂದ್ಸಲ ಎಲ್ಲಾ ಹೊಲಾನೂ ನಡೀತೀನಿ. ಈ ಸಲ ಒಂದೂ ಬಿಡಲ್ಲ. ಆಯ್ತಾ?"

ಟೈಲರಕ್ಕ ಲೋಟವನ್ನು ಕೆಳಗಿಟ್ಟಳು. "ದೊಡ್ಡಪ್ಪಾ..." ಎಂದಳು. ಗರಗಸದವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಇಲ್ಲ ಅನ್ನಲಿ ಎಂದೇ ಅವನು ಬಂದಿದ್ದನೋ ಏನೋ. ಎದ್ದು ನಿಂತ.

"ನೀವು ಇನ್ನು ನನ್ನ ಹೊಲಕ್ಕೆ ಕಾಲಿಡ್ಬೇಡಿ," ಎಂದ.

"ಅಪ್ಪಾ," ಎಂದ ಮಗ, ತೀರಾ ಮೆಲ್ಲಗೆ.

"ನೀನು ಸುಮ್ನಿರು," ಎಂದರು ತಾತ. "ನಾನು ಹೇಳಿಯಾಯ್ತಲ್ಲ."

ಗರಗಸದವನು ಹೊಸಿಲಿನ ಬಳಿ ಚಪ್ಪಲಿಗೆ ಕಾಲು ತುರುಕುತ್ತಿದ್ದ. ಗುಬ್ಬಿ ಪೆನ್ಸಿಲನ್ನು ನೆಲದ ಮೇಲಿಟ್ಟಳು, ಎದ್ದಳು, ಫ್ರಾಕಿಗೆ ಅಂಟಿದ್ದ ಸಿಪ್ಪೆ ಕೊಡವಿಕೊಂಡಳು. ಅಮ್ಮ ಅವಳತ್ತ ಕೈ ಚಾಚಿದಳು. ಚಾಚಿದ ಕೈ ಅವಳ ಹೆಗಲ ಹತ್ತಿರ ಬಂತು, ಅಲ್ಲೇ ನಿಂತಿತು, ಮತ್ತೆ ಹಿಂದಕ್ಕೆ ಹೋಯಿತು.

ಮಗು ತಾತನ ಕುರ್ಚಿಯ ಎದುರಿಗೆ ಹೋಗಿ, ಅವರ ಎರಡು ಮೊಣಕಾಲುಗಳ ಮೇಲೂ ಕೈಯಿಟ್ಟು ನಿಂತಿತು. ಎಲ್ಲರಿಗೂ ಕೇಳಿಸುವ ಹಾಗೆ, ಶಾಲೆಯಲ್ಲಿ ಪದ್ಯ ಒಪ್ಪಿಸುವ ದನಿಯಲ್ಲಿ ಕೇಳಿತು:

"ತಾತ, ನಿಮಗೆ ಯಾವಾಗಿಂದ ಕಣ್ಣು ಕಾಣಿಸ್ತಿಲ್ಲ?"